ಡೋಣಿಗೆ ಇಳಿದವನು

ಕನಿಕರಪಡುವವರನ್ನು ಏನು ಮಾಡಬೇಕೆಂಬುದು ಕಳಕೇಶನಿಗೆ ತಿಳಿಯುತ್ತಿರಲಿಲ್ಲ. ಬೈದವರಿಗೆ ತಿರುಗಿ ಬೈಯಬಹುದು, ಹೊಡೆಯಲು ಬಂದವರನ್ನು ಕಲ್ಲು ಹಿಡಿದು ಊರಾಚೆಗೆ ಅಟ್ಟಬಹುದು. ಕಣ್ಣಲ್ಲಿ ನೀರು ತುಂಬಿಕೊಂಡು ತಲೆ ಸವರಲು ಬರುವವರನ್ನು ಏನು ಮಾಡುವುದು? ಮಾಗಡಿಯ ಚನ್ನಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು, ಕರಿಕಂಬಳಿಯ ನಿಲುವಂಗಿಯ ಮೇಲೆ ಗಂಟೆಸರ ಬಿಗಿದುಕೊಳ್ಳುತ್ತಿದ್ದಾಗ, ಕೆರೆಯ ಕಡೆಯ ಓಣಿಯಿಂದ ನಿಜಲಿಂಗಪ್ಪ ಮಾಸ್ತರರು ಬರುವುದು ಕಾಣಿಸಿತು. ಹಿಂದೆ ಅವನದೇ ತರಗತಿಯ ಹುಡುಗ ಹುಡುಗಿಯರು. ಶಿರಹಟ್ಟಿಯಿಂದ ಹಕ್ಕಿ ತೋರಿಸಲೆಂದು ಬಸ್ಸಿನಲ್ಲಿ ಕರೆತಂದಿದ್ದರಂತೆ. ಹಕ್ಕಿಗಳು ನಾಳೆಯೂ ಇರುತ್ತಿದ್ದವು, ಮುಂದಿನ ವಾರವೂ ಇರುತ್ತಿದ್ದವು. ಇವತ್ತೇ ಕರೆತಂದದ್ದು ಯಾವ ಹಕ್ಕಿಯನ್ನು ತೋರಿಸಲಿಕ್ಕೆ ಎಂಬುದು ಅವನಿಗೆ ತಕ್ಷಣ ಗೊತ್ತಾಯಿತು. ಗಂಟೆಸರದ ಗಂಟು ಕೈಯಲ್ಲಿ ಸಡಿಲಾಯಿತು. ಮತ್ತೆ ಬಿಗಿದ.

ಸೊಸೆಯ ಹೆರಿಗೆ ಸುಸೂತ್ರವಾದರೆ ಮೈಲಾರಲಿಂಗನಿಗೆ ಡೋಣಿ ತುಂಬಿಸುತ್ತೇನೆ ಎಂದು ಚನ್ನಮ್ಮ ಹರಕೆ ಹೊತ್ತಿದ್ದಳು. ಈಗ ಒಳಗೆ ತೊಟ್ಟಿಲಲ್ಲಿ ಮಗು ಕಿರುಚುತ್ತಿತ್ತು, ಹೊರಗೆ ಅಂಗಳದಲ್ಲಿ ಕಂಬಳಿ ಹಾಸಿ, ಅಗಲ ಬಾಯಿಯ ತಾಮ್ರದ ಪಾತ್ರೆ, ಡೋಣಿ, ಇಟ್ಟಿದ್ದರು. ಅದರಲ್ಲಿ ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು, ಹರಿದು ಹಾಕಿದ ಹೋಳಿಗೆ. ಮೈಲಾರಲಿಂಗನ ದೀಕ್ಷೆ ಹೊತ್ತ ಗೊರವರು ಅವನ ನಾಯಿಗಳಾಗಿ ಆ ಡೋಣಿಗೆ ಇಳಿಯಬೇಕು. ಕೈ ಹಚ್ಚದೆ, ಅಂಗೈ ಮೊಣಕಾಲು ನೆಲಕ್ಕೂರಿ, ಗುರುಗುಟ್ಟಿ, ಒಬ್ಬರನ್ನೊಬ್ಬರು ತಳ್ಳಿ, ಬಾಯಿ ಹಾಕಿ ತಿನ್ನಬೇಕು. ಅವು ತಿಂದರೆ ದೇವರು ಉಂಡ ಹಾಗೆ. ಎಲ್ಲರಿಗಿಂತ ಮೊದಲು ಇಳಿಯುವ ಹಕ್ಕು ಯಾವ ಕಾಲದಿಂದಲೋ ಕಳಕೇಶನ ಮನೆಯದು. ಅವನ ಅಪ್ಪ ಮೈಲಾರಲಿಂಗಪ್ಪ ಮೋರಿಯಲ್ಲಿ ಬಿದ್ದು ಕಾಲು ಮುರಿದುಕೊಂಡು, ಪಟ್ಟಿ ಕಟ್ಟಿದ ಕಾಲನ್ನು ಉದ್ದಕ್ಕೆ ಚಾಚಿ, ಕಂಬಕ್ಕೆ ಒರಗಿ ಡಮರು ಹಿಡಿದು ಕುಳಿತಿದ್ದ. ಹಾಗಾಗಿ ಈ ಸಲ, ಹದಿನಾರು ತುಂಬದ ಕಳಕೇಶನೇ ಮುಂದಿನ ನಾಯಿ. ಅವನು ಹಿಂಜರಿದರೆ ಹಕ್ಕು ಕಾಕಾನ ಮನೆಗೆ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುವುದಿಲ್ಲ. ಕಾಕಾ ತನ್ನ ಮಗ ಗಾಳೆಪ್ಪನನ್ನು ಕರೆತಂದು ಆಗಲೇ ಕಂಬಳಿಯ ಅಂಚಿನಲ್ಲಿ ನಿಲ್ಲಿಸಿದ್ದ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ.

ಅವನಿಗೆ ನಾಚಿಕೆಯಾಗುತ್ತಿದ್ದದ್ದು ನಾಯಿಯಾಗುವುದಕ್ಕಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಅದರಲ್ಲಿ ತನಗಾಗುವ ಸಂತೋಷಕ್ಕೆ ನಾಚಿಕೆ. ಕಳೆದ ವಾರ ಮಾಸ್ತರರು ಪಾಠದ ನಡುವೆ ಪುಸ್ತಕ ಮುಚ್ಚಿಟ್ಟು, ಮನುಷ್ಯನ ಮರ್ಯಾದೆ ಎಂಬುದರ ಬಗ್ಗೆ ಮಾತಾಡುತ್ತ, ಒಮ್ಮೆಲೇ ಅವನ ಹೆಸರು ಹಿಡಿದು ನಿಲ್ಲಿಸಿದ್ದರು. "ಇಂಥಾ ಹುಡುಗನ್ನ, ಜಿಲ್ಲಾಕ್ಕ ಮೊದಲ ಬಂದಾಂವನ್ನ, ನಾಯಿ ಮಾಡಿ ನೆಲದಾಗ ಕೂಳು ತಿನಸ್ತಾರ. ನಾವು ನೋಡಕೋತ ಕುಂಡ್ರೂದೇನು?" ಎನ್ನುವಾಗ ಅವರ ಗಂಟಲು ಕಟ್ಟಿತ್ತು. ಖರೆಯೇ ಕಟ್ಟಿತ್ತು, ನಾಟಕವಲ್ಲ, ಅದೇ ಕಷ್ಟ. ಇಡೀ ತರಗತಿ ತಿರುಗಿ ನೋಡಿತು. ಮುಂದಿನ ಸಾಲಿನ ಅಮೀರಾ ತುಟಿ ಕಚ್ಚಿ ಕೆಳಗೆ ನೋಡಿದಳು. ಅವತ್ತಿನವರೆಗೆ ಅವನಿಂದ ಲೆಕ್ಕ ಹೇಳಿಸಿಕೊಳ್ಳುತ್ತ, ತಪ್ಪಿದರೆ ಅವನನ್ನೇ ಬೈಯುತ್ತಿದ್ದ ಹುಡುಗಿ ಅವತ್ತಿನಿಂದ ಮೆತ್ತಗೆ ಮಾತಾಡತೊಡಗಿದಳು. ರೋಗಿಯ ಮುಂದೆ ಮಾತಾಡಿದ ಹಾಗೆ ಮಾತಾಡುತ್ತಾಳಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಮಾಸ್ತರರು ಹೇಳಿದ್ದೂ ಸುಳ್ಳಲ್ಲ. ಊರೂರಿನ ಬೋರ್ಡುಗಳ ಮೇಲೆ ಧಾರವಾಡ ಜಿಲ್ಲೆ ಎಂಬುದನ್ನು ಅಳಿಸಿ ಗದಗ ಜಿಲ್ಲೆ ಎಂದು ಬರೆಸುತ್ತಿದ್ದ ಆ ವರ್ಷ, ಹೊಸ ಜಿಲ್ಲೆಯ ಮೊದಲ ಭಾಷಣ ಸ್ಪರ್ಧೆಯಲ್ಲಿ ಮೂಢನಂಬಿಕೆಯ ಬಗ್ಗೆ ಮಾತಾಡಿ ಗೆದ್ದವನು ಇವನೇ. ಭಾಷಣ ಬರೆದುಕೊಟ್ಟವರು ಮಾಸ್ತರರು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು, ಎಲ್ಲಿ ನಿಂತು ಚಪ್ಪಾಳೆಗೆ ಕಾಯಬೇಕು ಎಂದು ಸಂಜೆಯೆಲ್ಲ ನಿಂತು ಕಲಿಸಿದವರೂ ಅವರೇ. ಅವರು ಮೊದಲ ಸಾಲಿನಲ್ಲಿ ಕುಳಿತು ಹುಬ್ಬು ಏರಿಸಿದಾಗ ಇವನು ದನಿ ಏರಿಸಿದ. ಗದಗಿನ ದೊಡ್ಡ ಸಭಾಗೃಹ ಚಪ್ಪಾಳೆ ಹೊಡೆಯಿತು. ಅವತ್ತು ಇವನ ಮೇಲೆ ಯಾರಿಗೂ ಕನಿಕರ ಬಂದಿರಲಿಲ್ಲ.

"ಲೇ ಕಳಕ್ಯಾ," ಎಂದು ಎಲ್ಲರಿಗಿಂತ ಮುಂದೆ ಓಡಿಬಂದವನು ಅಝೀಮ. ಒಂದೇ ಬೆಂಚಿನವನು. ಅವನಪ್ಪ ಮಹಬೂಬಸಾಬ ಶಿರಹಟ್ಟಿಯ ಪ್ಯಾಟಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. "ನಿಮ್ಮ ಡೋಣಿಗೆ ನಮ್ಮಪ್ಪ ಹಾಕಿದ ಕಲಾಯಿ ಐತಿ. ಹೊಟ್ಟಿ ಕೆಡಾಂಗಿಲ್ಲ, ಧೈರ್ಯ ಮಾಡಿ ತಿನ್ನು."

"ನೀನೂ ಇಳೀತಿ ಏನಲೇ?"

"ನಾ ಹುಲಿ ಅದೀನಿ. ನಾಯಿಗೋಳ ಸಂಗ್ತಿ ಕೂಡಿ ಉಣ್ಣಾಂಗಿಲ್ಲ," ಎಂದ ಅಝೀಮ. ಮೊಹರಮ್ಮಿನಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡು ಹುಲಿಯಾಗಿ ಕುಣಿಯುವವನು ಅವನು. ಆಗ ಅವನ ಕಣ್ಣು ನೋಡಿದರೆ ಕಳಕೇಶನಿಗೂ ಹೆದರಿಕೆಯಾಗುತ್ತಿತ್ತು. ಅವನ ಮುಖದಲ್ಲಿ ಎಳ್ಳಷ್ಟೂ ಕನಿಕರವಿರಲಿಲ್ಲ. ಆ ಒಂದು ಕಾರಣಕ್ಕೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಅಮೀರಾ ಬಂದು ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು. "ಚಪಾತಿ, ಬದನಿಕಾಯಿ ಪಲ್ಯಾ. ಅಮ್ಮಿ ಮಾಡ್ಯಾಳ. ನೀ ಆ ಡೋಣ್ಯಾಂದು ತಿನಬ್ಯಾಡ," ಎಂದು ಮೆಲ್ಲಗೆ ಹೇಳಿ, ಅವನು ಏನಾದರೂ ಅನ್ನುವ ಮೊದಲೇ ಹಿಂದೆ ಸರಿದಳು. ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿದು ಬಾಯಲ್ಲಿ ನೀರೂರಿತು. ಹಾಗೆ ನೀರೂರಿದ್ದಕ್ಕೆ ತನ್ನ ಬಾಯಿಯ ಮೇಲೆಯೇ ಅವನಿಗೆ ಸಿಟ್ಟು ಬಂತು.

ಒಳಗೆ ಹೋಗುವುದು ಎಂದು ಕಳಕೇಶನ ಮನೆಯಲ್ಲಿ ಅನ್ನುತ್ತಿದ್ದರು. ಡೋಣಿಗೆ ಇಳಿದವರು ಒಳಗೆ ಹೋಗುತ್ತಾರೆ, ಅಲ್ಲಿ ಅವರಿಗೆ ಹೆಸರಿಲ್ಲ, ಅಪ್ಪ ಅವ್ವ ಇಲ್ಲ, ಎಚ್ಚರ ಇಲ್ಲ, ಧಣಿ ಮೈಲಾರಲಿಂಗನೊಬ್ಬನೇ. ಹನ್ನೊಂದರ ವಯಸ್ಸಿನಲ್ಲಿ ಮೊದಲ ಸಲ ಇಳಿದಾಗ ಇದೆಲ್ಲ ದೊಡ್ಡವರ ಮಾತು ಎಂದುಕೊಂಡಿದ್ದ. ಅಪ್ಪ ಭಂಡಾರ ತೂರಿ ಮುಂದೆ ಇಳಿದ, ಅರಿಶಿನದ ಹುಡಿ ಕಣ್ಣಿಗೆ ಬಿತ್ತು, ಡಮರು ಕಿವಿಯ ಹತ್ತಿರವೇ ಬಡಿಯಿತು, ಪಕ್ಕದಲ್ಲಿ ಅವನಷ್ಟೇ ಸಣ್ಣವನಾದ ಗಾಳೆಪ್ಪ ಗುರ್ ಎಂದ. ಅಷ್ಟೇ, ಅಂಗಳ ಇರಲಿಲ್ಲ. ಹಳದಿ ಬಯಲೊಂದು ಕಪ್ಪತಗುಡ್ಡದ ಬುಡದವರೆಗೂ ಹಬ್ಬಿತ್ತು. ಬಯಲಿನ ತುಂಬ ಧಣಿಯ ಸೈನ್ಯ, ಏಳು ಕೋಟಿಯೇ ಇರಬೇಕು, ಒಲೆಗಳ ಹೊಗೆ, ಕುದುರೆಯ ಲದ್ದಿಯ ವಾಸನೆ, ಯಾರೋ ಹೆಂಗಸರ ಜಗಳ. ಧಣಿಯ ಹೆಂಡತಿ ಮಾಳವ್ವನೇ ಜಗಳವಾಡುತ್ತಿದ್ದಳೇನೋ, ಕಾಲಂದುಗೆ ಝಲ್ಲೆನಿಸಿ ಅವನ ಮೂಗಿನ ಮುಂದೆಯೇ ಹಾದುಹೋದಳು, ಸೀರೆಯ ಅಂಚಿಗೆ ಕುರಿಯ ಉಣ್ಣೆ ಅಂಟಿತ್ತು. ನಾಯಿಯ ಎತ್ತರದಿಂದ ಯಾರ ಮುಖವೂ ಕಾಣುವುದಿಲ್ಲ. ಅಲ್ಲಿಗೆ ಹೋಗಿ ಬಂದವನಿಗೆ ದೇವರು ಹೇಗಿದ್ದಾನೆಂದು ಕೇಳಿದರೆ ಕಾಲು, ಮೆಟ್ಟು, ಕುದುರೆಯ ಗೊರಸು ಎಂದಷ್ಟೇ ಹೇಳಬಹುದು. ಆದರೆ ಆ ಕಾಲುಗಳು ತನ್ನ ಪಕ್ಕದಲ್ಲಿ ನಿಂತಾಗ, ಮಣಿಮಲ್ಲ ರಕ್ಕಸರು ಬರಲಿ, ಯಾರೇ ಬರಲಿ, ಮೊದಲು ನನ್ನನ್ನು ದಾಟಿ ಬರಲಿ ಎಂದು ಎದೆ ಎಷ್ಟು ಅಗಲವಾಗಿತ್ತೆಂದರೆ, ಮರಳಿ ಬಂದ ಮೇಲೆ ಸಾಲೆಯಲ್ಲಿ, ಬಸ್ಸಿನಲ್ಲಿ, ಗದಗಿನ ವೇದಿಕೆಯಲ್ಲಿ ಎಲ್ಲಿಯೂ ಅವನ ಎದೆ ಅಷ್ಟು ಅಗಲವಾಗಲಿಲ್ಲ. ಹೊರಬಂದವನೇ ಗಾಳೆಪ್ಪನನ್ನು ಬಾವಿಯ ಹಿಂದೆ ಎಳೆದೊಯ್ದು ಕೇಳಿದ್ದ. "ಕುದರಿ ಕಂಡತೇನಲೇ ನಿನಗ?" ಗಾಳೆಪ್ಪ ಕೆನ್ನೆಗೆ ಅಂಟಿದ ಬೆಲ್ಲವನ್ನು ನಾಲಗೆಯಲ್ಲಿ ತೆಗೆಯುತ್ತ, "ಬಿಳೇದು. ಒಂದ ಕಾಲು ಮಾತ್ರ ಕರೇದು," ಎಂದ. ಇವನು ಕಂಡದ್ದೂ ಅದೇ. ಇಬ್ಬರೂ ಕೂಡಿ ಅತ್ತರು, ನಕ್ಕರು, ಯಾರಿಗೂ ಹೇಳಬಾರದೆಂದು ಆಣೆ ಹಾಕಿದರು. ಗಾಳೆಪ್ಪ ಸಾಲೆ ಬಿಟ್ಟು ಕುರಿಯ ಹಿಂದೆ ಹೋದ. ಇವನು ಮೂಢನಂಬಿಕೆಯ ಭಾಷಣ ಬಾಯಿಪಾಠ ಮಾಡಿದ.

"ಕಳಕೇಶ," ಎಂದರು ಮಾಸ್ತರರು. ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ನೀ ಒಂದ ಮಾತು ಅನ್ನು ಸಾಕು. ಒಲ್ಲೆ ಅನ್ನು. ಉಳಿದದ್ದು ನಾ ನೋಡಕೋತೀನಿ." ಅವನು ಅಪ್ಪನ ಕಡೆ ನೋಡಿದ. ಅಪ್ಪ ಕೇಳಿಸಿಕೊಂಡಿದ್ದ, ಆದರೂ ಡಮರಿನ ದಾರವನ್ನು ಸರಿಪಡಿಸುತ್ತ ಕುಳಿತಿದ್ದ. ಅಪ್ಪ ಯಾವತ್ತೂ ಅವನನ್ನು ಇಳಿ ಎಂದು ಬಲವಂತ ಮಾಡಿದವನಲ್ಲ, ಪುಸ್ತಕಕ್ಕೆ ಬೇಡ ಎಂದವನೂ ಅಲ್ಲ. ಭಾಷಣದ ಬಹುಮಾನದ ಲೋಟವನ್ನು ದೇವರ ಜಗುಲಿಯ ಮೇಲೆ, ಮೈಲಾರಲಿಂಗನ ಪಕ್ಕದಲ್ಲೇ ಇಟ್ಟವನು. ಮೂಢನಂಬಿಕೆ ಎಂದರೇನೆಂದು ಅವನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಇಟ್ಟಿದ್ದ. "ಒಲ್ಲೆ ಅನ್ನಾಕ ನನಗೇನಾಗೇತ್ರಿ ಸರ್," ಎನ್ನಬೇಕೆಂದುಕೊಂಡ ಕಳಕೇಶ. ಆದರೆ ಇವರ ಎದುರು ಅವನಿಗೆ ಇವರೇ ಕಲಿಸಿದ ಮಾತು ಮಾತ್ರ ಬರುತ್ತಿತ್ತು. ಅವನು ಎದ್ದು, ಅವರ ಕೈ ಹೆಗಲಿಂದ ತಾನಾಗಿ ಜಾರುವಂತೆ ನಡೆದು, ಕಂಬಳಿಯ ಮುಂದೆ ನಿಂತ.

"ಏಳುಕೋಟಿಗೋ ಏಳುಕೋಟಿಗೋ ಚಾಂಗಮಲೋ!" ಎಂದ ಅಪ್ಪ, ಗಂಟಲು ಹರಿಯುವಂತೆ. ಡಮರು ಬಡಿಯಿತು, ಭಂಡಾರ ಹಾರಿತು. ಕಳಕೇಶ ಇಳಿದ. ಅವನ ಹಿಂದೆ ಗಾಳೆಪ್ಪ. ಇಬ್ಬರೂ ಡೋಣಿಯನ್ನು ಸುತ್ತಿದರು, ಗುರುಗುಟ್ಟಿದರು, ಹೆಗಲಿಗೆ ಹೆಗಲು ಕೊಟ್ಟು ತಳ್ಳಿದರು. ಗಾಳೆಪ್ಪನ ಕಣ್ಣು ಆಗಲೇ ಹಿಂದಕ್ಕೆ ಹೊರಳಿತ್ತು, ಅವನು ಒಳಗೆ ಹೋಗಿಬಿಟ್ಟಿದ್ದ. ಹಾಲು ಕೆನ್ನೆಗೆ ಬಡಿಯಿತು, ಬಾಳೆಹಣ್ಣು ಹಲ್ಲಿಗೆ ಸಿಕ್ಕಿತು, ಹಳದಿ ಬಯಲು ಕಣ್ಣಂಚಿನಲ್ಲಿ ಅಲುಗಾಡತೊಡಗಿತು. ಕುದುರೆಯ ಲದ್ದಿಯ ವಾಸನೆ. ಬಂತು, ಬಂತು ಎನ್ನುವಷ್ಟರಲ್ಲಿ ಬಲ ರಟ್ಟೆಯನ್ನು ಯಾರೋ ಹಿಡಿದರು. "ಸಾಕು, ಏಳಪಾ ತಮ್ಮಾ, ನೀ ನಾಯಿ ಅಲ್ಲ." ಬೂಟುಗಾಲು ಕಂಬಳಿಯ ಮೇಲಿತ್ತು. ಸೀಮೆಸುಣ್ಣದ ವಾಸನೆ. ಆ ಕೈಯನ್ನು ಅವನು ಚೆನ್ನಾಗಿ ಬಲ್ಲ: ಅಕ್ಷರ ತಿದ್ದಿಸಿದ ಕೈ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಕೈ, ತರಗತಿಯ ಮುಂದೆ ಅವನತ್ತ ಬೊಟ್ಟು ಮಾಡಿದ ಕೈ. ಬಯಲು ದೂರ ಸರಿಯಿತು, ಅಂಗಳ ತಿರುಗಿ ಬಂತು, ಒಳಗೆ ಮಗು ಅಳುತ್ತಿದ್ದುದು ಕೇಳಿಸಿತು, ಚನ್ನಮ್ಮ ಹಾಲಿನ ಗಿಂಡಿ ಹಿಡಿದು ನಿಂತಿದ್ದು ಕಾಣಿಸಿತು. ಎಲ್ಲವೂ ಸ್ಪಷ್ಟವಾಗಿತ್ತು. ಕೈ ಬಿಡಿಸಿಕೊಳ್ಳಬಹುದಿತ್ತು. ಏಳಬಹುದಿತ್ತು. ಬೇಡವೆನ್ನಬಹುದಿತ್ತು. ಅವನು ಇವೆಲ್ಲವನ್ನೂ ಯೋಚಿಸಿ, ಕುತ್ತಿಗೆ ತಿರುಗಿಸಿ, ಹೆಬ್ಬೆರಳ ಬುಡಕ್ಕೆ ಹಲ್ಲು ಊರಿದ.

ಮಾಸ್ತರರು ಚೀರಿದರು. ಡಮರು ನಿಂತಿತು. ಹೆಬ್ಬೆರಳಿನಿಂದ ರಕ್ತ ಇಳಿದು ಕಂಬಳಿಯ ಮೇಲೆ ತೊಟ್ಟಿಕ್ಕಿತು. ಹುಡುಗಿಯರಲ್ಲಿ ಯಾರೋ ಅಳತೊಡಗಿದರು. ಎಲ್ಲರಿಗಿಂತ ಮೊದಲು ಮೈತಿಳಿದವಳು ಚನ್ನಮ್ಮ. ಓಡಿಬಂದು ಮಾಸ್ತರರ ಕೈ ಹಿಡಿದು, ಗಾಯಕ್ಕೆ ಹಿಡಿಭಂಡಾರ ಒತ್ತಿ, "ಅಂಜಬ್ಯಾಡ್ರಿ ಯಪ್ಪಾ! ಪುಣ್ಯಾ ಮಾಡೀರಿ. ಮೈಲಾರಲಿಂಗನ ನಾಯಿ ಮುಟ್ಟೇತಿ ನಿಮ್ಮನ್ನ. ಹುಡುಗಗ ಏನ್ ಗೊತ್ತರಿ, ಅಂವ ಇಲ್ಲೆ ಇರಲೇ ಇಲ್ಲ," ಎಂದಳು. ನೆರೆದವರು ಹೌದೌದು ಎಂದರು. ಇಬ್ಬರು ಮುದುಕರು ಬಂದು ಕಳಕೇಶನ ಕಾಲು ಮುಟ್ಟಿದರು. ಅಪ್ಪನ ಮುಖದಲ್ಲಿ ಎಂದೂ ಕಾಣದ ಬೆಳಕು ಬಂದಿತ್ತು. ಮಗ ಇಷ್ಟು ಆಳಕ್ಕೆ ಹೋಗಿದ್ದನೇ ಎಂಬ ಬೆಳಕು. ಕಾಕಾ ತಲೆ ಕೆಳಗೆ ಹಾಕಿದ್ದ. ಇನ್ನು ಹಕ್ಕಿನ ಮಾತು ಎತ್ತುವ ಧೈರ್ಯ ಅವನಿಗೆ ಈ ಜನ್ಮದಲ್ಲಿ ಬರುವಂತಿರಲಿಲ್ಲ.

ಮಾಸ್ತರರು ಕರವಸ್ತ್ರ ಸುತ್ತಿಕೊಂಡರು. ನೋವಿಗೆ ಹಣೆಯಲ್ಲಿ ಬೆವರು ಮೂಡಿತ್ತು, ಆದರೂ ದನಿ ಏರಿಸಲಿಲ್ಲ. ದೊಡ್ಡ ಮನುಷ್ಯ. "ಇವನ ಮ್ಯಾಲೆ ನನಗ ಸಿಟ್ಟಿಲ್ಲ," ಎಂದರು ಹುಡುಗರ ಕಡೆ ತಿರುಗಿ. "ಇವನದೇನೂ ತಪ್ಪಿಲ್ಲ. ಇವಗ ಎಚ್ಚರನಽ ಇರಲಿಲ್ಲ. ನಾ ಹೇಳಿದ್ದು ಇದನ್ನ. ಸಣ್ಣ ಹುಡುಗರ ಎಚ್ಚರಾನ ಕಸಗೊಳ್ಳತಾರ ನೋಡ್ರಿ." ಎಂದು ಅದೇ ಕೈಯನ್ನು, ಕರವಸ್ತ್ರ ಸುತ್ತಿದ ಕೈಯನ್ನು, ಅವನ ತಲೆಯ ಮೇಲೆ ಇಡಲು ಬಂದರು.

ಕಳಕೇಶ ತಲೆ ಹಿಂದಕ್ಕೆ ಎಳೆದುಕೊಂಡ. ಹುಟ್ಟಿದಾಗಿನಿಂದ ಒಂದು ಮಾತಿಗೂ ಕೂಡದಿದ್ದ ಎರಡು ಪಂಗಡಗಳು ಇವತ್ತು ಒಂದಾಗಿಬಿಟ್ಟಿದ್ದವು. ದೇವರ ಕಡೆಯವರಿಗೂ ಅವನು ಅಲ್ಲಿರಲಿಲ್ಲ, ಬುದ್ಧಿಯ ಕಡೆಯವರಿಗೂ ಅವನು ಅಲ್ಲಿರಲಿಲ್ಲ. ಹಾಗಾದರೆ ಅಷ್ಟು ಹೊತ್ತು ಅಂಗಳದಲ್ಲಿ ನಾಲ್ಕು ಕಾಲ ಮೇಲೆ ನಿಂತಿದ್ದವನು ಯಾರು? ಬಾಯಲ್ಲಿ ಇನ್ನೂ ಉಪ್ಪುಪ್ಪು ರುಚಿಯಿತ್ತು. ಸುಮ್ಮನಿದ್ದರೆ ಎಲ್ಲವೂ ಸುಸೂತ್ರ: ಹಕ್ಕು ಉಳಿಯಿತು, ಅಪ್ಪನ ಮಾನ ಉಳಿಯಿತು, ಮಾಸ್ತರರ ಪ್ರೀತಿಯೂ ಉಳಿಯಿತು. ಬಾಯಿ ಬಿಟ್ಟರೆ ಎಲ್ಲವೂ ಹೋಯಿತು. ಎಚ್ಚರವಿದ್ದು ಡೋಣಿಗೆ ಬಾಯಿ ಹಾಕಿದವನು ನಾಯಿಯಲ್ಲ, ಕಳ್ಳ. ಹಿರಿಯರ ಮಾತು ಅದು. ಅಪ್ಪನಿಗೆ ಏನು ತಿಳಿಯಿತೋ, ಕಂಬಕ್ಕೆ ಒರಗಿದ್ದವನು ಬೆನ್ನು ನೆಟ್ಟಗೆ ಮಾಡಿ, ಬೇಡ ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದ. ಆದರೂ ಒಂದು ಮಾತು ಅವನೊಳಗೆ ಆಗಲೇ ಎದ್ದು ನಿಂತಿತ್ತು, ಯಾರೂ ಬರೆದುಕೊಡದ ಮಾತು.

"ನಾಯಿ ಅಲ್ರೀ ಸರ್ ಕಡದದ್ದು," ಎಂದ. "ನಾ ಕಡದದ್ದು. ನನಗ ಎಚ್ಚರ ಇತ್ತು. ನಿಮ್ಮ ಕೈ ಅನ್ನೂದು ಗೊತ್ತಿತ್ತು."

ಮಾಸ್ತರರ ಮುಖದಲ್ಲಿದ್ದ ಕನಿಕರ ಒಂದು ಕ್ಷಣ ದಾರಿ ತಪ್ಪಿದಂತಾಗಿ, ಆಮೇಲೆ ಪೂರ್ತಿ ಮಾಯವಾಯಿತು. ಆ ಜಾಗದಲ್ಲಿ ಬಂದದ್ದು ಸಿಟ್ಟು. ಶುದ್ಧ ಸಿಟ್ಟು, ಸರೀಕರ ಮೇಲೆ ಬರುವಂಥದ್ದು. "ಯಾಕಲೇ?" ಎಂದರು.

"ನೀವು ಹೇಳದ ಕೇಳದ ಬಂದ್ರಿ ನನ್ನ ಡೋಣಿಗೆ. ನಾ ಕರದಿರಲಿಲ್ಲ," ಎಂದ ಕಳಕೇಶ. "ನಿಮಗ ನೋವಾಗೇತಿ, ತಪ್ಪಾತ್ರಿ. ಆದ್ರ ನನಗ ಎಚ್ಚರ ಇರಲಿಲ್ಲಂತ ಅನಬ್ಯಾಡ್ರಿ. ಸಾಲ್ಯಾಗೂ ಅನಬ್ಯಾಡ್ರಿ."

ಮೊದಲು ಬಾಯಿ ಬಿಟ್ಟವನು ಕಾಕಾ. "ಕೇಳಿದಿರಿಲ್ಲೋ? ಎಚ್ಚರ ಇಟಕೊಂಡ ದೇವರ ಡೋಣಿಗೆ ಬಾಯಿ ಹಾಕ್ಯಾನ! ಇನ್ನ ಮುಂದಿಂದು ನಮ್ಮ ಮನೀದು. ಗಾಳ್ಯಾ, ಇಳಿಯಲೇ." ಗಾಳೆಪ್ಪ ಈಗಷ್ಟೇ ಆ ಹಳದಿ ಬಯಲಿನಿಂದ ಬಂದವನು, ಗಲ್ಲದಿಂದ ಹಾಲು ಸೋರುತ್ತಿತ್ತು. ಒಮ್ಮೆ ತನ್ನ ಅಪ್ಪನನ್ನು ನೋಡಿದ, ಒಮ್ಮೆ ಕಳಕೇಶನನ್ನು ನೋಡಿದ. "ನಾ ಇವನ ಹಿಂದ ಇಳಿಯಾಂವ. ಮುಂದ ಇಳಿಯಾಕ ನನಗ ಬರಾಂಗಿಲ್ಲ," ಎಂದು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಜನ ಮೈಲಾರಲಿಂಗಪ್ಪನ ಕಡೆ ನೋಡಿದರು. ಅವನ ಮುಖದ ಬೆಳಕು ಹೋಗಿತ್ತು, ಅದನ್ನು ಕಳೆದವನು ತಾನು ಎಂದು ಕಳಕೇಶನಿಗೆ ಗೊತ್ತಿತ್ತು. ಕೊನೆಗೆ ಅಪ್ಪ ಮಗನನ್ನು ನೋಡದೆಯೇ, "ಡೋಣಿ ಅರ್ಧಕ್ಕ ನಿಂತೈತಿ," ಎಂದ.

"ನಾ ಇಳೀತೀನಿ," ಎಂದ ಕಳಕೇಶ.

"ಎಚ್ಚರ ಇದ್ದಾಂವ ಹೆಂಗ ಇಳೀತಿಯಲೇ?" ಎಂದು ಕಾಕಾ ಮೇಲೆಯೇ ಬಂದ.

"ಎಚ್ಚರ ಇಟಕೊಂಡಽ ಇಳೀತೀನಿ."

ಹರಕೆ ಚನ್ನಮ್ಮನದು, ಹಾಲು ಅವಳದು, ತೊಟ್ಟಿಲಲ್ಲಿದ್ದ ಮಗುವೂ ಅವಳ ಮನೆಯದೇ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಕಾನ ಎದುರು ನಿಂತಳು. "ನಾವೇನು ನಿದ್ದಿ ಮಾಡೂ ನಾಯೀನ ಬಾಗಲಾಗ ಕಟ್ಟತೇವೇನೋ ಯಪ್ಪಾ? ಕಾಯೂ ನಾಯಿಗೆ ಎಚ್ಚರ ಇರಬೇಕು. ಇಳೀಲಿ ಅಂವ. ಪಾಪ ಬಂದ್ರ ನನಗ ಬರಲಿ," ಎಂದು ಉಳಿದ ಹಾಲನ್ನೆಲ್ಲ ಡೋಣಿಗೆ ಸುರಿದಳು.

ಅಪ್ಪ ಡಮರು ಎತ್ತಿಕೊಂಡ. ಕಳಕೇಶ ಕಂಬಳಿಯ ಮೇಲೆ ಮೊಣಕಾಲೂರಿದ, ಅಂಗೈ ಊರಿದ. ಗಾಳೆಪ್ಪ ಹಿಂದೆ ಬಂದು ನಿಂತ. ಭಂಡಾರ ಹಾರಿತು, ಅರಿಶಿನ ಕಣ್ಣಿಗೆ ಬಿತ್ತು. ಬಯಲು ತೆರೆಯಲಿಲ್ಲ. ಕಾದ, ಕುದುರೆಯ ವಾಸನೆ ಬರಲಿಲ್ಲ, ಅಂದುಗೆಯ ಸದ್ದಿಲ್ಲ, ಪಕ್ಕದಲ್ಲಿ ಯಾರ ಕಾಲುಗಳೂ ಬಂದು ನಿಲ್ಲಲಿಲ್ಲ. ಇನ್ನೆಂದೂ ಬರುವುದಿಲ್ಲವೇನೋ ಅನ್ನಿಸಿತು. ಅಲ್ಲಿ ಇದ್ದದ್ದು ಚನ್ನಮ್ಮನ ಅಂಗಳ, ಹಾಲು, ನೆನೆದ ಹೋಳಿಗೆ, ಅದರ ಮೇಲೆ ಒಂದು ನೊಣ. ಸುತ್ತಲೂ ಮನುಷ್ಯರ ಕಾಲು. ನಾಚಿಕೆ ಬರುತ್ತದೆ, ಈಗ ಬರುತ್ತದೆ ಎಂದು ಕಾದ. ಅದೂ ಬರಲಿಲ್ಲ. ಅವನು ಕಾಲುಗಳನ್ನು ನೋಡುವುದು ಬಿಟ್ಟು ತಲೆಯೆತ್ತಿದ. ಒಬ್ಬೊಬ್ಬರ ಮುಖವನ್ನೂ ನೋಡಿದ: ತುಟಿ ಬಿಗಿದು ನಿಂತ ಮಾಸ್ತರರನ್ನು, ನಗದೆ ನಿಂತ ಅಝೀಮನನ್ನು, ಕಟ್ಟೆಯಿಂದ ಡಬ್ಬಿಯನ್ನು ತಿರುಗಿ ಎತ್ತಿಕೊಂಡು ಎದೆಗೆ ಅವಚಿ ಇವನನ್ನು ನೆಟ್ಟಗೆ, ಮೊದಲಿನ ಹಾಗೆ ನೋಡುತ್ತಿದ್ದ ಅಮೀರಾಳನ್ನು, ಕೊನೆಗೆ ಅಪ್ಪನನ್ನು. ಅಪ್ಪ ಈಗ ಅವನನ್ನೇ ನೋಡುತ್ತಿದ್ದ. ಕಳಕೇಶ ಎದೆ ತುಂಬ ಉಸಿರು ಎಳೆದುಕೊಂಡು ಬೊಗಳಿದ, ಹೆಸರು ಕೇಳಿದವರಿಗೆ ಹೆಸರು ಹೇಳಿದ ಹಾಗೆ.